ಬಿ1 ಮುಗಿಯಿತು, ಮುಂದೇನು? ಜರ್ಮನಿಯಲ್ಲಿ ನರ್ಸ್ ಕೆಲಸಕ್ಕೆ ಭಾಷೆ ಮತ್ತು ಮಾನ್ಯತೆಯ ದಾರಿ

ಪ್ರಶ್ನೆ: ನಾನು ದಾವಣಗೆರೆಯವಳು. ಜಿಎನ್‌ಎಂ (ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮುಗಿಸಿ ಅಲ್ಲಿಯೇ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಪತಿಯ ಉದ್ಯೋಗದ ನಿಮಿತ್ತ ಒಂದೂವರೆ ವರ್ಷದ ಹಿಂದೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆವು. ಇಲ್ಲಿ ವಲಸೆ ಬಂದವರಿಗಾಗಿ ಇರುವ ಇಂಟಿಗ್ರೇಷನ್ ಕೋರ್ಸ್ ಮಾಡಿ ಜರ್ಮನ್ ಭಾಷೆಯ ಬಿ1 ಪರೀಕ್ಷೆ (ಎ1ರಿಂದ ಸಿ2ರವರೆಗಿನ ಆರು ಮಟ್ಟಗಳಲ್ಲಿ ಮೂರನೆಯದು) ಪಾಸಾಗಿದ್ದೇನೆ. ಕೋರ್ಸಿನ ಸಲಹೆಗಾರರು, ಹತ್ತಿರದ ವೃದ್ಧಾಶ್ರಮದಲ್ಲಿ ಸಹಾಯಕಿಯ ಕೆಲಸಕ್ಕೆ ಈಗಲೇ ಸೇರಿಕೊಳ್ಳಿ, ಇಲ್ಲವಾದರೆ ಮೂರು ವರ್ಷದ ನರ್ಸಿಂಗ್ ತರಬೇತಿಯನ್ನು ಮೊದಲಿನಿಂದ ಮಾಡಿ ಎನ್ನುತ್ತಾರೆ. ನಮ್ಮ ಜಿಎನ್‌ಎಂಗೆ ಇಲ್ಲಿ ಬೆಲೆಯೇ ಇಲ್ಲವೇ? ಪರೀಕ್ಷೆಯೇನೋ ಪಾಸಾಯಿತು, ಆದರೆ ಪಕ್ಕದ ಮನೆಯ ಅಜ್ಜಿ ಮಾತನಾಡಿದರೆ ಅರ್ಧವೂ ತಿಳಿಯುವುದಿಲ್ಲ. ಇಂಥ ಭಾಷೆಯಲ್ಲಿ ವಾರ್ಡಿಗೆ ಹೋಗುವುದು ಹೇಗೆ? ನಾಲ್ಕು ವರ್ಷದ ಮಗಳಿದ್ದಾಳೆ. ಇನ್ನೊಂದು ಮಾತು: ಹರಿಹರದಲ್ಲಿರುವ ನನ್ನ ತಮ್ಮ ಐಟಿಐ ಎಲೆಕ್ಟ್ರಿಷಿಯನ್. ಅವನನ್ನು ಜರ್ಮನಿಗೆ ಕಳುಹಿಸಲು ಏಜೆಂಟರೊಬ್ಬರು ನಾಲ್ಕೂವರೆ ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ನಿಮ್ಮ ಮುಂದೆ ಇಟ್ಟಿರುವ ಎರಡು ದಾರಿಗಳಲ್ಲಿ ಯಾವುದನ್ನೂ ಇಟ್ಟಿರುವ ರೂಪದಲ್ಲೇ ಒಪ್ಪಿಕೊಳ್ಳಬೇಡಿ. ಮೂರನೆಯ ದಾರಿಯೊಂದಿದೆ, ಅದು ನಿಮ್ಮಂಥವರಿಗೆಂದೇ ಕಾನೂನು ಮಾಡಿಟ್ಟಿರುವ ದಾರಿ. ಜಿಎನ್‌ಎಂ ಅರ್ಹತೆಯ ಮಾನ್ಯತೆಗೆ ಈ ತಿಂಗಳೇ ಅರ್ಜಿ ಹಾಕಿ. ಅದರ ಜೊತೆಯಲ್ಲೇ ಬಿ2 ಮಟ್ಟದ ವೃತ್ತಿಭಾಷಾ ಕೋರ್ಸಿಗೆ, ಸಾಧ್ಯವಾದರೆ ಶುಶ್ರೂಷೆಗೆ ಮೀಸಲಾದ ಕೋರ್ಸಿಗೇ, ಹೆಸರು ನೋಂದಾಯಿಸಿ. ಸಹಾಯಕಿಯ ಕೆಲಸಕ್ಕೆ ಸೇರುವುದಾದರೆ, ನಿಮ್ಮನ್ನು ಮಾನ್ಯತೆಯವರೆಗೆ ಕರೆದೊಯ್ಯುವುದಾಗಿ ಕರಾರಿನಲ್ಲಿ ಬರೆದುಕೊಡುವ ಮಾಲೀಕರ ಬಳಿ ಮಾತ್ರ ಸೇರಿ. ಭಾಷೆ ಮುಗಿಯಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕಾಯುವುದು ನಾನು ಈ ಸಲಹಾ ಕೆಲಸದಲ್ಲಿ ಕಂಡಿರುವ ಅತಿ ಸಾಮಾನ್ಯ ತಪ್ಪು, ಅತಿ ದುಬಾರಿ ತಪ್ಪು ಕೂಡ.

ಮೊದಲು ಮಾನ್ಯತೆಯ ವಿಷಯ. ಹೊರದೇಶಗಳಲ್ಲಿ ಪಡೆದ ವೃತ್ತಿಶಿಕ್ಷಣವನ್ನು ಜರ್ಮನಿಯ ಅರ್ಹತೆಯೊಂದಿಗೆ ಹೋಲಿಸಿ ನೋಡುವಂತೆ ಕೇಳುವ ಹಕ್ಕನ್ನು ಅಲ್ಲಿನ ಮಾನ್ಯತಾ ಕಾಯ್ದೆ 2012ರ ಏಪ್ರಿಲ್ 1ರಿಂದ ಕೊಟ್ಟಿದೆ. ನರ್ಸ್ ಕೆಲಸ ಅಲ್ಲಿ ನಿಯಂತ್ರಿತ ವೃತ್ತಿ. ಎಂದರೆ, ಆಸ್ಪತ್ರೆಯವರು ನಿಮ್ಮ ಕೈಚಳಕ ನೋಡಿ ಮೆಚ್ಚಿದರೂ ಸರ್ಕಾರದ ಅನುಮತಿಪತ್ರವಿಲ್ಲದೆ ನಿಮ್ಮನ್ನು ಪೂರ್ಣ ಪ್ರಮಾಣದ ನರ್ಸ್ ಎಂದು ಕರೆಯುವಂತಿಲ್ಲ, ಆ ಸಂಬಳ ಕೊಡುವಂತಿಲ್ಲ. ನೀವಿರುವ ಬಾಡನ್-ವ್ಯುರ್ಟಂಬರ್ಗ್ ರಾಜ್ಯದಲ್ಲಿ ಈ ಅರ್ಜಿ ಹೋಗಬೇಕಾದದ್ದು ಸ್ಟುಟ್‌ಗಾರ್ಟ್‌ನ ರೆಗೀರುಂಗ್ಸ್‌ಪ್ರೆಸೀಡಿಯುಮ್ ಎಂಬ ಪ್ರಾಂತೀಯ ಆಡಳಿತ ಕಚೇರಿಗೆ. ಅರ್ಜಿ ಹಾಕುವ ದಿನ ಬಿ2 ಕೈಯಲ್ಲಿರಬೇಕೆಂದೇನೂ ಇಲ್ಲ; ಭಾಷೆಯ ಪ್ರಮಾಣಪತ್ರ ಬೇಕಾಗುವುದು ಕೊನೆಯ ಅನುಮತಿಪತ್ರ ಕೈಗೆ ಬರುವ ಹೊತ್ತಿಗೆ. ಸಲಹೆಗಾರರಲ್ಲಿ ಕೆಲವರಿಗೇ ಈ ವ್ಯತ್ಯಾಸ ಸರಿಯಾಗಿ ತಿಳಿದಿರುವುದಿಲ್ಲ. ಪತಿಯ ಜೊತೆ ಬಂದವರಿಗೆ ಕೊಡುವ ನಿವಾಸದ ಕಾರ್ಡಿನಲ್ಲಿ ಉದ್ಯೋಗಕ್ಕೆ ಅನುಮತಿಯಿದೆ ಎಂಬ ಸಾಲು ಇದ್ದೇ ಇರುವುದರಿಂದ ಕೆಲಸಕ್ಕಾಗಿ ಬೇರೆ ವೀಸಾದ ಚಿಂತೆಯೂ ನಿಮಗಿಲ್ಲ.

ಆ ಕಚೇರಿ ಹೋಲಿಸುವುದು ಗಂಟೆಗಳನ್ನು. 2020ರಲ್ಲಿ ಜಾರಿಗೆ ಬಂದ ಶುಶ್ರೂಷಾ ವೃತ್ತಿಗಳ ಕಾಯ್ದೆಯಡಿ ಜರ್ಮನಿಯ ಮೂರು ವರ್ಷದ ನರ್ಸಿಂಗ್ ತರಬೇತಿಯಲ್ಲಿ 2,100 ಗಂಟೆ ತರಗತಿಯ ಪಾಠ, 2,500 ಗಂಟೆ ವಾರ್ಡಿನ ಅಭ್ಯಾಸ ಇರಬೇಕು. ನಿಮ್ಮ ಜಿಎನ್‌ಎಂನ ಗಂಟೆಗಳನ್ನು ಇದರ ಪಕ್ಕದಲ್ಲಿಟ್ಟರೆ ಒಟ್ಟು ಮೊತ್ತದಲ್ಲಿ ನೀವು ಹಿಂದೆ ಬೀಳುವ ಸಂಭವ ಕಡಿಮೆ. ಕೊರತೆ ಬರುವುದು ಹಂಚಿಕೆಯಲ್ಲಿ. ಜಿಎನ್‌ಎಂನ ಕೊನೆಯ ಅಕ್ಷರ ಹೇಳುವ ಮಿಡ್‌ವೈಫರಿ, ಅಂದರೆ ಹೆರಿಗೆ ಶುಶ್ರೂಷೆ, ಜರ್ಮನಿಯಲ್ಲಿ ಪ್ರತ್ಯೇಕ ವೃತ್ತಿ. ನೀವು ಹೆರಿಗೆ ವಾರ್ಡಿನಲ್ಲಿ ರಾತ್ರಿಗಟ್ಟಲೆ ನಿಂತ ಗಂಟೆಗಳು ಈ ಲೆಕ್ಕಕ್ಕೆ ಹೆಚ್ಚಾಗಿ ಒದಗುವುದಿಲ್ಲ. ಅತ್ತ ವೃದ್ಧರ ಶುಶ್ರೂಷೆ, ಮನೆಗೆ ಹೋಗಿ ಮಾಡುವ ಆರೈಕೆ, ಆರೈಕೆಯ ಯೋಜನೆಯನ್ನು ಬರೆದು ನಿಭಾಯಿಸುವ ಕ್ರಮ, ಇವುಗಳ ಗಂಟೆಗಳು ನಮ್ಮಲ್ಲಿ ತೆಳು. ಹೀಗಾಗಿ ಬರುವ ಆದೇಶ ಬಹುತೇಕ ‘ಇಷ್ಟು ಕೊರತೆಯಿದೆ, ಇದನ್ನು ತುಂಬಿಕೊಂಡು ಬನ್ನಿ’ ಎಂಬುದಾಗಿರುತ್ತದೆ. ಇದನ್ನು ತಿರಸ್ಕಾರವೆಂದು ಭಾವಿಸಿ ಕಾಗದವನ್ನು ಮಡಿಸಿಟ್ಟು ಅಳುತ್ತ ಕೂತವರನ್ನು ನೋಡಿದ್ದೇನೆ. ಆ ಕಾಗದವೇ ನಿಮ್ಮ ಜಿಎನ್‌ಎಂಗೆ ಇಲ್ಲಿ ಬೆಲೆ ಇದೆ ಎಂಬುದಕ್ಕೆ ಸಿಕ್ಕ ಮೊದಲ ಸರ್ಕಾರಿ ಪುರಾವೆ.

ಕೊರತೆ ತುಂಬಿಕೊಳ್ಳಲು ಎರಡು ಬಗೆಗಳುಂಟು. ಒಂದು, ಹೊಂದಾಣಿಕೆಯ ತರಬೇತಿ: ಆಸ್ಪತ್ರೆಯಲ್ಲಿ ಸಂಬಳ ಪಡೆಯುತ್ತಲೇ ಆದೇಶದಲ್ಲಿ ಹೇಳಿದ ವಿಭಾಗಗಳಲ್ಲಿ ಕೆಲಸ ಮಾಡಿ, ಜೊತೆಗೆ ತರಗತಿಗೆ ಹೋಗಿ, ಕೊನೆಯಲ್ಲಿ ಒಂದು ಸಂವಾದದೊಂದಿಗೆ ಮುಗಿಸುವುದು. ಇನ್ನೊಂದು, ಜ್ಞಾನಪರೀಕ್ಷೆ: ಒಂದು ಮೌಖಿಕ ಭಾಗ, ನಿಜವಾದ ರೋಗಿಗಳ ಹಾಸಿಗೆಯ ಪಕ್ಕದಲ್ಲೇ ನಡೆಯುವ ಒಂದು ಪ್ರಾಯೋಗಿಕ ಭಾಗ. 2024ರ ಆರಂಭದಿಂದ, ಗಂಟೆಗಳ ಸವಿವರ ಹೋಲಿಕೆಯೇ ಬೇಡವೆಂದು ಬರೆದುಕೊಟ್ಟು ನೇರವಾಗಿ ಈ ಎರಡರಲ್ಲೊಂದಕ್ಕೆ ಹೋಗುವ ಅವಕಾಶವನ್ನೂ ಕಾನೂನು ಕೊಟ್ಟಿದೆ. ನಾಲ್ಕು ವರ್ಷ ವಾರ್ಡಿನಲ್ಲಿ ದುಡಿದ ನಿಮ್ಮ ಕೈಗೆ ಜ್ಞಾನಪರೀಕ್ಷೆಯ ಪ್ರಾಯೋಗಿಕ ಭಾಗ ಕಷ್ಟವಾಗಲಾರದು. ಆದರೆ ಮೌಖಿಕ ಭಾಗದಲ್ಲಿ ತಿಳಿದದ್ದನ್ನು ಹೇಳಲಾಗದೆ ತೊಡರುವವರು ಬಹಳ. ಭಾಷೆ ಇನ್ನೂ ಬಿ1ರಲ್ಲಿರುವಾಗ ನಾನು ಹೊಂದಾಣಿಕೆಯ ತರಬೇತಿಯ ಕಡೆಗೇ ವಾಲುತ್ತೇನೆ. ಅದು ತಿಂಗಳುಗಳನ್ನು ತಿನ್ನುತ್ತದೆ ನಿಜ, ಆದರೆ ಆ ತಿಂಗಳುಗಳು ಭಾಷೆಯ ತಿಂಗಳುಗಳೂ ಹೌದು.

ಕಾಗದಪತ್ರಗಳ ಬಗ್ಗೆ ಒಂದೆರಡು ಮಾತು, ಏಕೆಂದರೆ ಕಾಲಹರಣವಾಗುವುದು ಅಲ್ಲಿಯೇ. ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಡಿಪ್ಲೊಮಾ ಮತ್ತು ಎಲ್ಲ ವರ್ಷಗಳ ಮಾರ್ಕ್ಸ್ ಕಾರ್ಡ್, ವಿಷಯವಾರು ಗಂಟೆಗಳನ್ನು ನಮೂದಿಸಿದ ಟ್ರಾನ್ಸ್‌ಕ್ರಿಪ್ಟ್, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಅನುಭವದ ಪತ್ರ, ಇವೆಲ್ಲವನ್ನೂ ಜರ್ಮನಿಯಲ್ಲಿ ಪ್ರಮಾಣವಚನ ಸ್ವೀಕರಿಸಿದ ಭಾಷಾಂತರಕಾರರಿಂದ ಜರ್ಮನ್‌ಗೆ ಮಾಡಿಸಬೇಕು. ಅನುಭವದ ಪತ್ರದಲ್ಲಿ ‘ಸ್ಟಾಫ್ ನರ್ಸ್ ಆಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದೇ ಸಾಲಿದ್ದರೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಯಾವ ವಾರ್ಡು, ಎಷ್ಟು ಹಾಸಿಗೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಂದು ಬರೆಸಿ ತರಿಸಿಕೊಳ್ಳಿ. ನಮ್ಮಂಥ ದಕ್ಷಿಣ ಭಾರತದವರಿಗೆ ಎದುರಾಗುವ ಒಂದು ತೊಡಕೂ ಇದೆ, ಅದು ನಮ್ಮ ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು ಅಕ್ಷರ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಇನ್ನೊಂದು ರೂಪ. ಮದುವೆಯಾದ ಮೇಲೆ ಪತಿಯ ಹೆಸರು ಸೇರಿ ಮೂರನೆಯದು. ಜರ್ಮನ್ ಗುಮಾಸ್ತರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಮದುವೆಯ ನೋಂದಣಿ ಪತ್ರವನ್ನೂ, ಈ ಎಲ್ಲ ಹೆಸರುಗಳು ಒಬ್ಬರವೇ ಎಂದು ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರವನ್ನೂ ಅವರು ಕೇಳುವ ಮೊದಲೇ ಲಗತ್ತಿಸಿ. ಕಡತ ಪೂರ್ಣವೆಂದು ಕಚೇರಿ ಒಪ್ಪಿದ ಮೇಲಷ್ಟೇ ತೀರ್ಮಾನದ ಗಡುವಿನ ಎಣಿಕೆ ಶುರುವಾಗುತ್ತದೆ. ಊರಿನಿಂದ ಒಂದು ಕಾಗದ ಬರಲು ಮೂರು ತಿಂಗಳು ಹಿಡಿದರೆ ಆ ಮೂರು ತಿಂಗಳು ಯಾವ ಲೆಕ್ಕಕ್ಕೂ ಇಲ್ಲ. ತಂದೆಯವರೋ ತಮ್ಮನೋ ಬೆಂಗಳೂರಿಗೆ ಓಡಾಡುವ ಕೆಲಸ ಇಂದೇ ಆರಂಭವಾಗಲಿ.

ಇನ್ನು ಭಾಷೆ. ಅಜ್ಜಿಯ ಮಾತು ತಿಳಿಯುವುದಿಲ್ಲವೆಂದು ಹಿಂಜರಿಯಬೇಡಿ. ನೀವು ಓದಿದ ಕೋರ್ಸು ಅದಕ್ಕಾಗಿ ರೂಪಿಸಿದ್ದೇ ಅಲ್ಲ. ಇಂಟಿಗ್ರೇಷನ್ ಕೋರ್ಸಿನಲ್ಲಿ 45 ನಿಮಿಷದ 600 ಪಾಠಗಳು ಭಾಷೆಗೆ, 100 ಪಾಠಗಳು ದೇಶದ ಕಾನೂನು, ಚರಿತ್ರೆ, ರೀತಿನೀತಿಗಳ ಪರಿಚಯಕ್ಕೆ. ಮನೆ ಬಾಡಿಗೆಗೆ ಹಿಡಿಯುವುದು, ವೈದ್ಯರ ಬಳಿ ಸಮಯ ಗೊತ್ತುಮಾಡಿಕೊಳ್ಳುವುದು, ಶಾಲೆಗೆ ರಜೆಯ ಚೀಟಿ ಬರೆಯುವುದು ಅಲ್ಲಿ ಬರುತ್ತದೆ. ಇಷ್ಟೂ ಏರ್ಪಟ್ಟದ್ದು 2005ರ ವಲಸೆ ಕಾಯ್ದೆಯ ಮೂಲಕ. ಅದಕ್ಕೆ ಐವತ್ತು ವರ್ಷ ಮೊದಲೇ, 1955ರಲ್ಲಿ, ಇಟಲಿಯೊಂದಿಗೆ ಒಪ್ಪಂದ ಮಾಡಿಕೊಂಡು ಜರ್ಮನಿ ಕಾರ್ಮಿಕರನ್ನು ಕರೆಸಿಕೊಳ್ಳಲಾರಂಭಿಸಿತ್ತು. 1961ರಲ್ಲಿ ಟರ್ಕಿಯೊಂದಿಗೂ ಒಪ್ಪಂದವಾಯಿತು. 1964ರಲ್ಲಿ ಹತ್ತು ಲಕ್ಷನೆಯ ‘ಅತಿಥಿ ಕಾರ್ಮಿಕ’ನಾಗಿ ಕಲೋನ್‌ನ ನಿಲ್ದಾಣದಲ್ಲಿಳಿದ ಪೋರ್ಚುಗಲ್‌ನ ಬಡಗಿಯೊಬ್ಬನಿಗೆ ಬ್ಯಾಂಡ್ ಬಾರಿಸಿ ಮೊಪೆಡ್ ಉಡುಗೊರೆ ಕೊಟ್ಟರು. ಭಾಷೆಯ ಪಾಠ ಮಾತ್ರ ಯಾರಿಗೂ ಕಡ್ಡಾಯವಾಗಿರಲಿಲ್ಲ, ಏಕೆಂದರೆ ಎಲ್ಲರೂ ದುಡಿದು ಮರಳಿ ಹೋಗುತ್ತಾರೆಂಬುದು ಎರಡೂ ಕಡೆಯವರ ಎಣಿಕೆಯಾಗಿತ್ತು. 1973ರಲ್ಲಿ ನೇಮಕಾತಿ ನಿಲ್ಲಿಸಿದ ಮೇಲೆ ಲಕ್ಷಾಂತರ ಮಂದಿ ಅಲ್ಲಿಯೇ ನೆಲೆ ನಿಂತರು. ಕಾರ್ಖಾನೆಯ ಕನ್ವೇಯರ್ ಪಟ್ಟಿಯ ಮುಂದೆ ಇಪ್ಪತ್ತು ವರ್ಷ ಸವೆಸಿದರೂ ಮೇಸ್ತ್ರಿಯ ಆಜ್ಞೆಗಳಷ್ಟೇ ತಿಳಿದಿದ್ದ ಆ ತಲೆಮಾರಿನ ಅನುಭವದಿಂದಲೇ ಇಂದಿನ ಕೋರ್ಸುಗಳ ಅಗತ್ಯ ಸರ್ಕಾರಕ್ಕೆ ಮನದಟ್ಟಾದದ್ದು.

ಆದರೆ ಬದುಕಿನ ಭಾಷೆ ಬೇರೆ, ಕಸುಬಿನ ಭಾಷೆ ಬೇರೆ. ಒಂದು ಉದಾಹರಣೆ ಕೊಡುತ್ತೇನೆ. ‘ನ್ಯುಷ್ಟರ್ನ್’ ಎಂಬ ಪದಕ್ಕೆ ಅಮಲಿಲ್ಲದವನು ಎಂಬ ಅರ್ಥ ನಿಮಗೆ ತರಗತಿಯಲ್ಲಿ ಗೊತ್ತಾಗಿರಬಹುದು. ಆಪರೇಷನ್‌ನ ಹಿಂದಿನ ಸಂಜೆ ಡಾಕ್ಟರು ‘ಮೂರನೇ ಹಾಸಿಗೆಯವರು ನಾಳೆ ನ್ಯುಷ್ಟರ್ನ್ ಇರಬೇಕು’ ಎಂದರೆ ಅದರ ಅರ್ಥ ಖಾಲಿ ಹೊಟ್ಟೆಯಲ್ಲಿರಬೇಕು ಎಂದು. ಅದು ತಿಳಿಯದೆ ಬೆಳಿಗ್ಗೆ ಬ್ರೆಡ್ಡು ಕೊಟ್ಟರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಇದರ ಮೇಲೆ ಸ್ಟುಟ್‌ಗಾರ್ಟ್ ಸುತ್ತಿನ ಶ್ವಾಬಿಷ್ ಆಡುನುಡಿ. ಮೈಸೂರಿನಲ್ಲಿ ಓದಿದ ಡಾಕ್ಟರು ಕಲಬುರಗಿಯ ಆಸ್ಪತ್ರೆಗೆ ವರ್ಗವಾಗಿ ಹೋದಾಗ ಮೊದಲ ವಾರ ಏನಾಗುತ್ತದೋ ನಿಮಗೀಗ ಆಗುತ್ತಿರುವುದೂ ಅದೇ. ಪಠ್ಯದ ಜರ್ಮನ್‌ನಲ್ಲಿ ‘ಟೆಪ್ಪಿಖ್’ ಎಂದರೆ ನೆಲಕ್ಕೆ ಹಾಸುವ ಜಮಖಾನ. ಶ್ವಾಬಿಷ್ ಅಜ್ಜಿ ಚಳಿಯೆಂದು ಟೆಪ್ಪಿಖ್ ಕೇಳಿದರೆ ಅವರಿಗೆ ಬೇಕಾದದ್ದು ಕಂಬಳಿ. ‘ಹೇಬನ್’ ಎಂದರೆ ಪುಸ್ತಕದಲ್ಲಿ ಎತ್ತು, ಇವರ ಬಾಯಲ್ಲಿ ಹಿಡಿದುಕೋ. ಹಾಸಿಗೆಯಿಂದ ರೋಗಿಯನ್ನು ಎಬ್ಬಿಸುವ ಹೊತ್ತಿನಲ್ಲಿ ಈ ಎರಡರ ನಡುವಿನ ಅಂತರ ಸಣ್ಣದಲ್ಲ. ‘ಫೂಸ್’ ಪುಸ್ತಕದಲ್ಲಿ ಪಾದ ಮಾತ್ರ, ಶ್ವಾಬಿಷ್‌ನಲ್ಲಿ ತೊಡೆಯಿಂದ ಕೆಳಗೆ ಪೂರ್ತಿ. ಇಲ್ಲಿ ನಿಮಗೊಂದು ಅನುಕೂಲವಿದೆ ನೋಡಿ: ‘ಕಾಲು ನೋವು’ ಎಂದಾಗ ಎಲ್ಲಿ, ಪಾದದಲ್ಲೋ ಮೊಣಕಾಲಲ್ಲೋ ಎಂದು ಕೇಳುವುದು ಕನ್ನಡದ ನರ್ಸಿಗೆ ರಕ್ತಗತ. ಉತ್ತರ ಜರ್ಮನಿಯಿಂದ ಬಂದ ನರ್ಸ್ ಎಡವುವ ಕಡೆ ನೀವು ಎಡವಲಾರಿರಿ.

ವ್ಯಾಕರಣದಲ್ಲೂ ಇಂಥ ಅನುಕೂಲಗಳಿವೆ, ಅವನ್ನು ತರಗತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ‘ಏಕೆಂದರೆ’ ಎಂಬ ಅರ್ಥದ ಪದ ಬಂದೊಡನೆ ಜರ್ಮನ್‌ನಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಹೋಗುತ್ತದೆ. ಇಂಗ್ಲಿಷಿನವರಿಗೆ ಇದು ಹಿಂಸೆ, ನಮಗೆ ಇದು ತವರು. ಕಾಲುಚೀಲ ಹಾಕುವುದಕ್ಕೂ ಬಿಚ್ಚುವುದಕ್ಕೂ ಜರ್ಮನ್‌ನಲ್ಲಿ ಒಂದೇ ಮೂಲ ಕ್ರಿಯಾಪದ. ವಾಕ್ಯದ ಕಟ್ಟಕಡೆಗೆ ‘ಆನ್’ ಬಂದರೆ ತೊಡಿಸು, ‘ಆಸ್’ ಬಂದರೆ ಬಿಚ್ಚು. ವಾಕ್ಯ ಮುಗಿಯುವವರೆಗೆ ಕಾದು ಕೇಳುವ ಅಭ್ಯಾಸ ಕನ್ನಡದ ಕಿವಿಗೆ ಹುಟ್ಟಿನಿಂದ ಬಂದದ್ದು. ಹಿರಿಯರನ್ನು ‘ನೀವು’ ಎನ್ನುವುದೂ ಅಷ್ಟೇ: ಎಂಬತ್ತರ ಅಜ್ಜಿಯನ್ನು ‘ದು’ ಎಂದು ಏಕವಚನದಲ್ಲಿ ಕರೆದರೆ ಎಲ್ಲಿ ಚುಚ್ಚುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ಹಾದಿಯಲ್ಲಿ ಸಿಕ್ಕ ಮಾತೆಂದು ಹೇಳುವುದಾದರೆ, ನೀವೀಗಿರುವ ಸ್ಟುಟ್‌ಗಾರ್ಟ್‌ನಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಟ್ಯೂಬಿಂಗನ್‌ನಲ್ಲಿಯೇ ಕನ್ನಡ ನಿಘಂಟಿನ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ್ದೂ ಇದೇ ಸೀಮೆಯಲ್ಲಿ. ಶ್ವಾಬಿಷ್ ನಾಲಗೆಗೆ ಕನ್ನಡ ಒಗ್ಗಿತು ಎಂದ ಮೇಲೆ ಅದರ ತಿರುಗುಮುರುಗು ಅಸಾಧ್ಯವೇನಲ್ಲ.

ಬಿ1ರ ಮುಂದಿನ ಮೆಟ್ಟಿಲಿಗೆ ಜರ್ಮನಿಯ ಕೇಂದ್ರ ವಲಸೆ ಕಚೇರಿ 2016ರ ಜುಲೈಯಿಂದ ‘ಬೆರೂಫ್ಸ್‌ಶ್ಪ್ರಾಖ್‌ಕುರ್ಸ್’ ಎಂಬ ವೃತ್ತಿಭಾಷಾ ಕೋರ್ಸುಗಳನ್ನು ನಡೆಸುತ್ತಿದೆ. ಬಿ2ಕ್ಕೆ ಸಾಮಾನ್ಯವಾಗಿ 400ರಿಂದ 500 ಪಾಠಗಳು. ಇದಕ್ಕೆ ಅರ್ಹತಾ ಚೀಟಿಯನ್ನು ಉದ್ಯೋಗ ಕಚೇರಿಯಿಂದ ಪಡೆಯಬೇಕು. ಕೇಳುವಾಗ ‘ಬಿ2 ಬೇಕು’ ಎನ್ನಬೇಡಿ. ‘ನರ್ಸ್ ಅರ್ಹತೆಯ ಮಾನ್ಯತೆಗೆ ಅರ್ಜಿ ಹಾಕಿದ್ದೇನೆ, ಆರೋಗ್ಯ ವೃತ್ತಿಗಳಿಗಾಗಿಯೇ ಇರುವ ವಿಶೇಷ ಕೋರ್ಸು ಬೇಕು’ ಎಂದು ಹೇಳಿ, ಅರ್ಜಿಯ ಸ್ವೀಕೃತಿ ಪತ್ರವನ್ನು ಮೇಜಿನ ಮೇಲಿಡಿ. ಅರ್ಜಿಯನ್ನು ಮೊದಲು ಹಾಕಿ ಎಂದು ನಾನು ಪಟ್ಟುಹಿಡಿಯುವುದಕ್ಕೆ ಇದೂ ಒಂದು ಕಾರಣ: ಆ ಒಂದು ಕಾಗದದಿಂದ ನೀವು ಅವರ ಕಣ್ಣಿಗೆ ಕೆಲಸವಿಲ್ಲದ ಗೃಹಿಣಿಯಾಗದೆ ಮಾನ್ಯತೆಯ ಹಂತದಲ್ಲಿರುವ ನರ್ಸ್ ಆಗುತ್ತೀರಿ. ಸಾಮಾನ್ಯ ಬಿ2 ಕೋರ್ಸಿನಲ್ಲಿ ಪರಿಸರ ಮಾಲಿನ್ಯದ ಮೇಲೆ ಪ್ರಬಂಧ ಬರೆಸುತ್ತಾರೆ, ಅದರಿಂದ ನಷ್ಟವಿಲ್ಲ, ಆದರೆ ನಿಮಗೆ ಬೇಕಾದದ್ದು ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರ್.

ಈ ಹ್ಯಾಂಡ್‌ಓವರ್, ಅಲ್ಲಿನ ಮಾತಿನಲ್ಲಿ ‘ಯೂಬರ್‌ಗಾಬೆ’, ನನ್ನ ಅನುಭವದಲ್ಲಿ ಭಾಷೆಯ ನಿಜವಾದ ಪರೀಕ್ಷೆ. ಬೆಳಿಗ್ಗೆ ಆರು ಗಂಟೆಗೆ ರಾತ್ರಿಪಾಳಿಯವರು ನಿದ್ದೆಗಣ್ಣಿನಲ್ಲಿ, ಅರ್ಧ ವಾಕ್ಯಗಳಲ್ಲಿ, ಪದಗಳನ್ನು ಮೊಟಕು ಮಾಡಿ ಹದಿನೈದು ನಿಮಿಷದಲ್ಲಿ ಇಡೀ ವಾರ್ಡಿನ ಸಮಾಚಾರ ಮುಗಿಸಿಬಿಡುತ್ತಾರೆ. ಯಾರಿಗೆ ಜ್ವರ ಏರಿತು, ಯಾರು ರಾತ್ರಿ ಎರಡಕ್ಕೆ ಎದ್ದು ಮನೆಗೆ ಹೋಗುತ್ತೇನೆಂದು ಹೊರಟರು, ಯಾರ ಬೆನ್ನಿನಲ್ಲಿ ಹುಣ್ಣಿನ ಕೆಂಪು ಕಾಣಿಸಿತು ಎಂಬುದೆಲ್ಲ ಅದರೊಳಗೇ ಬರುತ್ತದೆ. ಬಿ2 ಪ್ರಮಾಣಪತ್ರ ಹಿಡಿದು ಬಂದವರೂ ಮೊದಲ ವಾರ ಇಲ್ಲಿ ತಲೆಯಾಡಿಸಿ, ಆಮೇಲೆ ಕಾರಿಡಾರಿನಲ್ಲಿ ಸಹೋದ್ಯೋಗಿಯನ್ನು ಗುಟ್ಟಾಗಿ ಕೇಳುತ್ತಾರೆ. ತಲೆಯಾಡಿಸುವುದು ಬೇಡ; ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಅಲ್ಲೇ ಕೇಳುವುದು ರೋಗಿಯ ಪ್ರಾಣದ ದೃಷ್ಟಿಯಿಂದ ಕರ್ತವ್ಯ, ಅಲ್ಲಿ ಅದನ್ನು ಯಾರೂ ಅವಮಾನವೆಂದು ನೋಡುವುದಿಲ್ಲ. ಮನೆಯಲ್ಲಿ ಈಗಿನಿಂದಲೇ ಒಂದು ಅಭ್ಯಾಸ ಮಾಡಿ. ದಾವಣಗೆರೆಯ ವಾರ್ಡಿನಲ್ಲಿ ನೀವು ನೋಡಿಕೊಂಡ ಒಬ್ಬ ರೋಗಿಯನ್ನು ನೆನಪಿಸಿಕೊಂಡು, ಹೆಸರು ಬಿಟ್ಟು, ಆ ದಿನದ ಹ್ಯಾಂಡ್‌ಓವರನ್ನು ಎರಡು ನಿಮಿಷ ಜರ್ಮನ್‌ನಲ್ಲಿ ಫೋನಿಗೆ ಹೇಳಿ ಧ್ವನಿಮುದ್ರಿಸಿಕೊಳ್ಳಿ. ಮರುದಿನ ಕೇಳಿ ತಿದ್ದಿ, ಮತ್ತೆ ಹೇಳಿ. ವಿಷಯ ನಿಮಗೆ ಗೊತ್ತಿರುವುದರಿಂದ ಮನಸ್ಸು ಪದಗಳ ಮೇಲೆಯೇ ನಿಲ್ಲುತ್ತದೆ.

ಈಗ ಸಹಾಯಕಿಯ ಕೆಲಸ. ಅದನ್ನು ಕೀಳೆಂದು ನಾನು ಹೇಳುತ್ತಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಬಟ್ಟೆ ಬದಲಿಸುವುದು ಮನೆಯವರ ಅಥವಾ ಆಯಾಗಳ ಪಾಲಿನ ಕೆಲಸ. ನರ್ಸ್ ಎಂದರೆ ಇಂಜೆಕ್ಷನ್, ಡ್ರಿಪ್, ಚಾರ್ಟ್. ಜರ್ಮನಿಯಲ್ಲಿ ಪೂರ್ಣ ಅರ್ಹತೆಯ ನರ್ಸೂ ಮೈ ತೊಳೆಸುತ್ತಾರೆ, ರಕ್ತನಾಳಕ್ಕೆ ಸೂಜಿ ಹಾಕುವುದು ಎಷ್ಟೋ ಕಡೆ ಡಾಕ್ಟರ ಕೆಲಸ. ಇದನ್ನು ಮೊದಲೇ ತಿಳಿಯದೆ ಬಂದವರು, ನಮ್ಮನ್ನು ಆಯಾಗಳನ್ನಾಗಿ ಮಾಡಿದರು ಎಂದು ನೊಂದುಕೊಳ್ಳುವುದುಂಟು. ಆ ದೃಷ್ಟಿಯಿಂದ ಕೆಲವು ತಿಂಗಳ ಸಹಾಯಕಿಯ ಕೆಲಸ ಒಳ್ಳೆಯ ಪಾಠ, ಅಜ್ಜಿಯರ ಶ್ವಾಬಿಷ್‌ಗೆ ಅದಕ್ಕಿಂತ ಒಳ್ಳೆಯ ಶಾಲೆಯೂ ಇಲ್ಲ. ತೊಂದರೆ ಬರುವುದು ಆ ತಿಂಗಳುಗಳು ವರ್ಷಗಳಾದಾಗ. ಸಲಹೆಗೆ ಬಂದಿದ್ದ ಒಬ್ಬರು ನಿಮ್ಮ ಹಾಗೆಯೇ ಜಿಎನ್‌ಎಂ ಮಾಡಿದವರು, ಒಂದು ವೃದ್ಧಾಶ್ರಮದಲ್ಲಿ ಆರು ವರ್ಷ ಸಹಾಯಕಿಯಾಗಿದ್ದರು. ಮಾಲೀಕರು ಪ್ರತಿ ವರ್ಷ ಮುಂದಿನ ವರ್ಷ ನೋಡೋಣ ಎನ್ನುತ್ತ ಬಂದರು. ಪಾಳಿಗಳ ನಡುವೆ ಬಿ2 ತರಗತಿಗೆ ಹೋಗಲು ಪುರಸೊತ್ತು ಆಗಲೇ ಇಲ್ಲ. ಕೊನೆಗೆ ಅರ್ಜಿ ಹಾಕುವ ಹೊತ್ತಿಗೆ ಅವರು ವಾರ್ಡ್ ಬಿಟ್ಟು ಬಹಳ ವರ್ಷಗಳಾಗಿತ್ತು, ಔಷಧಗಳ ಹೆಸರುಗಳೂ ಮರೆತಿದ್ದವು.

ಹಣದ ಲೆಕ್ಕವನ್ನೂ ನೋಡಿ. ವೃದ್ಧರ ಆರೈಕೆ ಕ್ಷೇತ್ರಕ್ಕೆ 2025ರ ಜುಲೈಯಲ್ಲಿ ಜಾರಿಗೆ ಬಂದ ಕನಿಷ್ಠ ಕೂಲಿಯಂತೆ ತರಬೇತಿಯಿಲ್ಲದ ಸಹಾಯಕರಿಗೆ ಗಂಟೆಗೆ 16.10 ಯೂರೋ, ಪೂರ್ಣ ಅರ್ಹತೆಯ ನರ್ಸಿಗೆ 20.50 ಯೂರೋ. ತಿಂಗಳಿಗೆ 160 ಗಂಟೆ ಎಂದುಕೊಂಡರೂ 700 ಯೂರೋ ಮೀರಿದ ಅಂತರ, ಅದೂ ಕನಿಷ್ಠದಲ್ಲೇ. ಆದ್ದರಿಂದ ಸಂದರ್ಶನದಲ್ಲಿ ಮೂರು ಮಾತು ಸ್ಪಷ್ಟವಾಗಿ ಕೇಳಿ. ಮಾನ್ಯತೆಯ ಆದೇಶ ಬಂದ ಮೇಲೆ ಹೊಂದಾಣಿಕೆಯ ತರಬೇತಿಯನ್ನು ನೀವೇ ಕೊಡುತ್ತೀರಾ, ಅಥವಾ ಯಾವ ಆಸ್ಪತ್ರೆಯೊಂದಿಗೆ ನಿಮ್ಮ ಒಪ್ಪಂದವಿದೆ? ಬಿ2 ತರಗತಿಯ ದಿನಗಳಲ್ಲಿ ನನ್ನ ಪಾಳಿಯನ್ನು ಹೇಗೆ ಹೊಂದಿಸುತ್ತೀರಿ? ಅನುಮತಿಪತ್ರ ಬಂದ ತಿಂಗಳಿನಿಂದಲೇ ಸಂಬಳದ ದರ್ಜೆ ಬದಲಾಗುತ್ತದೆಯೇ? ಉತ್ತರ ಕರಾರಿನ ಕಾಗದದಲ್ಲಿ ಬರಬೇಕು. ನರ್ಸುಗಳ ಕೊರತೆ ಇರುವುದು ಅವರಿಗೆ. ಕೇಳಿದ ಮಾತ್ರಕ್ಕೆ ಕೆಲಸ ಕೈತಪ್ಪುವ ಸ್ಥಿತಿಯಲ್ಲಿ ನೀವಿಲ್ಲ.

ಮೂರು ವರ್ಷದ ತರಬೇತಿ, ಅವರ ‘ಆಸ್‌ಬಿಲ್ಡುಂಗ್’, ಒಳ್ಳೆಯ ವ್ಯವಸ್ಥೆಯೇ. ಸರ್ಕಾರಿ ವೇತನ ಒಪ್ಪಂದ ಅನ್ವಯಿಸುವ ಆಸ್ಪತ್ರೆಗಳಲ್ಲಿ ಮೊದಲ ವರ್ಷದಿಂದಲೇ ತಿಂಗಳಿಗೆ 1,300 ಯೂರೋ ಮೀರಿದ ಸಂಭಾವನೆ ಸಿಗುತ್ತದೆ. ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಕೇಳಿದ್ದರೆ ಕಣ್ಣುಮುಚ್ಚಿ ಹೂಂ ಎನ್ನುತ್ತಿದ್ದೆ. ನಿಮಗೆ ಮಾತ್ರ ಅದು, ಕಟ್ಟಿದ ಮನೆಯನ್ನು ಕೆಡವಿ ಅದೇ ನಕ್ಷೆಯಲ್ಲಿ ಮತ್ತೆ ಕಟ್ಟಿದಂತೆ. ಕಾಲೇಜು ಮುಚ್ಚಿಹೋಗಿ ಟ್ರಾನ್ಸ್‌ಕ್ರಿಪ್ಟ್ ಸಿಗುವುದೇ ಇಲ್ಲವೆಂದಾದರೆ ಆಗ ಯೋಚಿಸಬಹುದು.

ಮಗಳ ವಿಷಯ ಕೇಳಿದ್ದೀರಿ. ಮುಂಜಾನೆಯ ಪಾಳಿ ಆರಕ್ಕೆ ಶುರು, ಶಿಶುವಿಹಾರ ಏಳರ ಮೇಲೆ ತೆರೆಯುತ್ತದೆ. ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಅದು ಮುಚ್ಚಿ ಗಂಟೆಗಳಾಗಿರುತ್ತವೆ. ಬಹಳ ಮಂದಿಯನ್ನು ವೃತ್ತಿಯಿಂದ ಹೊರಗಿಡುವುದು ಭಾಷೆಗಿಂತ ಹೆಚ್ಚಾಗಿ ಈ ಒಂದು ಗಂಟೆಯೇ. ಪತಿಯ ಕಚೇರಿಯಲ್ಲಿ ಕೆಲಸದ ವೇಳೆಯನ್ನು ಹಿಂದೆ ಮುಂದೆ ಮಾಡಿಕೊಳ್ಳಲು ಬರುತ್ತದೆಯೇ ಎಂದು ಅವರು ಈಗಲೇ ವಿಚಾರಿಸಲಿ. ಹೊಂದಾಣಿಕೆಯ ತರಬೇತಿಯನ್ನು ಅರೆಕಾಲಿಕವಾಗಿ ಮಾಡಿಸುವ ಆಸ್ಪತ್ರೆಗಳೂ ಇವೆ. ಅವಧಿ ಹಿಗ್ಗುತ್ತದೆ, ಆದರೆ ನಡುವೆ ಬಿಟ್ಟುಬಿಡುವ ಪ್ರಮೇಯ ತಪ್ಪುತ್ತದೆ. ಮಾನ್ಯತೆಯ ಬಗ್ಗೆ ಹಣ ತೆಗೆದುಕೊಳ್ಳದೆ ಸಲಹೆ ಕೊಡುವ ‘ಐಕ್ಯೂ’ ಎಂಬ ಸರ್ಕಾರಿ ನೆರವಿನ ಜಾಲ 2005ರಿಂದ ಇದೆ. ಅವರ ಬಳಿ ಸಮಯ ಗೊತ್ತುಮಾಡಿಕೊಂಡು ಕಾಗದಗಳನ್ನು ಒಮ್ಮೆ ತೋರಿಸಿ.

ತಮ್ಮನ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು: ನಾಲ್ಕೂವರೆ ಲಕ್ಷ ಕೊಡಬೇಡಿ. ಭಾರತದ 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾದ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನೋಂದಣಿ ಇದೆಯೇ ಇಲ್ಲವೇ ಎಂಬುದನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ನಿಮಿಷದಲ್ಲಿ ನೋಡಬಹುದು. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿಯೂ ಹೊರದೇಶದ ಉದ್ಯೋಗಕ್ಕಾಗಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ, ಏಜೆಂಟರಿಗಿಂತ ಮೊದಲು ಅಲ್ಲಿ ವಿಚಾರಿಸಲಿ. ಎರಡು ವರ್ಷದ ಐಟಿಐ ಮಾಡಿದ ಅವನಿಗೆ ದಾರಿಗಳೇನೋ ಇವೆ. 2024ರ ಮಾರ್ಚ್‌ನಿಂದ ‘ಮಾನ್ಯತೆಯ ಸಹಭಾಗಿತ್ವ’ ಎಂಬ ವ್ಯವಸ್ಥೆ ಬಂದಿದೆ: ಸ್ವದೇಶದಲ್ಲಿ ಸರ್ಕಾರ ಒಪ್ಪಿದ ಕನಿಷ್ಠ ಎರಡು ವರ್ಷದ ತರಬೇತಿ, ಎ2 ಮಟ್ಟದ ಜರ್ಮನ್, ಕೈಯಲ್ಲೊಂದು ಉದ್ಯೋಗದ ಕರಾರು, ಇವಿಷ್ಟಿದ್ದರೆ ಅಲ್ಲಿಗೆ ಹೋಗಿ ಕೆಲಸ ಮಾಡುತ್ತಲೇ ಮಾನ್ಯತೆ ಪಡೆಯಬಹುದು. ಕರಾರು ಇಲ್ಲದೆಯೂ ಕೆಲಸ ಹುಡುಕಲು ಹೋಗಬಹುದಾದ ‘ಅವಕಾಶ ಕಾರ್ಡ್’ 2024ರ ಜೂನ್ 1ರಿಂದ ಜಾರಿಯಲ್ಲಿದೆ. ಅದಕ್ಕೆ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಸಾಕೆಂದು ಏಜೆಂಟರು ಹೇಳುವುದು ಸುಳ್ಳಲ್ಲ. ಆದರೆ ಇಂಗ್ಲಿಷ್ ನಂಬಿ ಹೋದ ಎಲೆಕ್ಟ್ರಿಷಿಯನ್‌ಗೆ, ‘ಈ ಲೈನಿನಲ್ಲಿ ಕರೆಂಟ್ ಇದೆ’ ಎಂದು ಜರ್ಮನ್‌ನಲ್ಲಿ ಕೂಗಿ ಹೇಳಿದರೆ ತಿಳಿಯದವನಿಗೆ, ಯಾವ ಮೇಸ್ತ್ರಿ ಕೆಲಸ ಕೊಡುತ್ತಾನೆ?

ಏಜೆಂಟರಿಗೆ ಕೊಡಬೇಕೆಂದಿರುವ ಹಣದ ಒಂದು ಪಾಲಿನಲ್ಲಿ ಅವನು ಎ2 ಮುಗಿಸಬಹುದು. ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಪರೀಕ್ಷೆಗೆ ಹರಿಹರದಿಂದ ರೈಲಿನಲ್ಲಿ ಬಂದು ಹೋಗಬಹುದು. ಪಾಠ ಆನ್‌ಲೈನಿನಲ್ಲೂ ಸಿಗುತ್ತದೆ. ಅಷ್ಟರಲ್ಲಿ ಅವನ ಎನ್‌ಸಿವಿಟಿ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ಪ್ರಮಾಣಪತ್ರ, ಎರಡೂ ವರ್ಷದ ಅಂಕಪಟ್ಟಿ ಮತ್ತು ಕೆಲಸ ಮಾಡಿದ ಕಡೆಯ ಅನುಭವದ ಪತ್ರ ಸಿದ್ಧವಾಗಲಿ. ಅವನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಹೇಗಿದೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ, ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲವಾದರೆ ಅರ್ಜಿ ತುಂಬುವ ಮೊದಲೇ.